ಶಿಲಾಕ್ಷನ ಬೆಟ್ಟ ಹತ್ತಿದ ಪದುಮಲೆ

ಬಹಳ ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಕಿವಿಗಳಿದ್ದ ಕಾಲದಲ್ಲಿ, ಸಿರಿವೊಳಲು ಎಂಬ ರಾಜ್ಯವಿತ್ತು. ಆ ರಾಜ್ಯಕ್ಕೆ ಒಂದೇ ಹೊಳೆ. ಶಿಲಾಕ್ಷನೆಂಬ ಮಾಂತ್ರಿಕ ಒಂದು ಮುಂಜಾನೆ ಆ ಹೊಳೆಯನ್ನೇ ತಾಮ್ರದ ಗಿಂಡಿಯೊಳಗೆ ಸೆರೆಹಿಡಿದು ತನ್ನ ಕರಿಬೆಟ್ಟದ ತುದಿಗೆ ಒಯ್ದ.

ದೊರೆ ಮಾರಭೂಪ ಸೈನ್ಯ ಕಟ್ಟಿಕೊಂಡು ಬೆಟ್ಟ ಹತ್ತಿದ. ಹಿಂದಿರುಗಲಿಲ್ಲ. ಆ ಬೆಟ್ಟದ ಮಾಯೆಯೇ ಅಂಥದ್ದು: ಮುಂದೆ ನಡೆಯುವವರ ಎದೆ ಒಡೆದರೆ ಅವರೂ ಕಲ್ಲು, ಅವರನ್ನು ನಂಬಿ ಬಂದವರೂ ಕಲ್ಲು. ದೊರೆ "ಕೆಟ್ಟೆವು!" ಎಂದು ಕೂಗಿದ್ದೇ ತಡ, ಇಡೀ ಸೈನ್ಯ ನಿಂತಲ್ಲೇ ಕಲ್ಲಾಯಿತು.

ಊರಿನ ಬಾವಿಗಳಲ್ಲಿ ಕೆಸರಷ್ಟೇ ಉಳಿದಾಗ ದೊರೆಯ ಮಗಳು ಪದುಮಲೆ ಅರಮನೆಯ ಅಂಗಳಕ್ಕೆ ಬಂದು ನಿಂತಳು. ಅವಳಿನ್ನೂ ಚಿಕ್ಕ ವಯಸ್ಸಿನವಳು.

"ನಾನು ಬೆಟ್ಟ ಹತ್ತುತ್ತೇನೆ. ನನಗೆ ಹೆದರಿಕೆಯಿಲ್ಲ ಎಂದು ಸುಳ್ಳು ಹೇಳಲಾರೆ. ಇಷ್ಟು ತಿಳಿದೂ ಬರುವವರು ಬನ್ನಿ."

ಮೊದಲು ಮುಂದೆ ಬಂದವನು ಮುದಿ ದಳವಾಯಿ ಬಿಜ್ಜಣ್ಣ. ಅವನ ಹಿಂದೆ ಅವನ ಮಗಳು, ಬಿಲ್ಲುಗಾತಿ ಮಾಚವ್ವೆ. ಆಮೇಲೆ ಒಂದಷ್ಟು ಯೋಧರು.

ಬೆಟ್ಟದ ಬುಡ ದಾಟುತ್ತಿದ್ದಂತೆ ಎದುರಿಗೆ ಕಾಡುಕೋಣವೊಂದು ಎದ್ದು ನಿಂತಿತು. ಮನೆಯಷ್ಟು ಎತ್ತರ, ಮೂಗಿನಿಂದ ಬೆಂಕಿ. ಅದು ತಲೆ ತಗ್ಗಿಸಿ ನುಗ್ಗಿ ಬಂತು. ಪದುಮಲೆ ಒಂದು ಹೆಜ್ಜೆ ಹಿಂದಿಟ್ಟಳು. ಹಿಂದೆ ಯಾರೋ ಚೀರಿದರು: "ಅಮ್ಮಣ್ಣಿ, ನನ್ನ ಪಾದ! ನನ್ನ ಪಾದ ಕಲ್ಲಾಗುತ್ತಿದೆ!"

ಓಡಬೇಕೆನ್ನಿಸಿತು ಅವಳಿಗೆ. ಓಡಲಿಲ್ಲ. ಉಸಿರನ್ನು ನಿಧಾನ ಎಳೆದುಕೊಂಡಳು, ನಿಧಾನ ಬಿಟ್ಟಳು, ಕಣ್ಣು ತೆರೆದು ನೋಡಿದಳು. ಅಷ್ಟು ಭಾರದ ಪ್ರಾಣಿ ಓಡಿ ಬರುತ್ತಿದೆ, ನೆಲದಲ್ಲಿ ಗೊರಸಿನ ಗುರುತೇ ಮೂಡುತ್ತಿಲ್ಲ!

"ಯಾರೂ ಕದಲಬೇಡಿ! ಅದಕ್ಕೆ ತೂಕವಿಲ್ಲ!" ಎಂದು ಕೂಗಿದಳು.

ಕೋಣ ಅವಳ ಮೈಮೇಲೇ ಹಾಯ್ದು ಹೊಗೆಯಾಗಿ ಹೋಯಿತು. ಕಲ್ಲಾಗಿದ್ದ ಪಾದಗಳು ಮತ್ತೆ ಮೆತ್ತಗಾದವು.

ಬೆಟ್ಟದ ನಡುವಿಗೆ ಬಂದಾಗ ಹಳದಿ ಗಾಳಿಯೊಂದು ಬೀಸಿತು. ಯೋಧರ ಮನಸ್ಸಿನ ಕಹಿಯನ್ನೆಲ್ಲ ಬಾಯಿಗೆ ತರುವ ಗಾಳಿ ಅದು.

"ನಿನ್ನಪ್ಪ ನನ್ನ ತಮ್ಮನನ್ನು ಕಲ್ಲು ಮಾಡಿದ, ನೀನು ನನ್ನನ್ನು ಮಾಡುತ್ತೀಯ," ಎಂದನೊಬ್ಬ. "ಕುದುರೆ ಹತ್ತಲು ಕಲಿತದ್ದೇ ಮೊನ್ನೆ, ಇವಳಿಗೆ ದಂಡು ಬೇರೆ," ಎಂದನು ಇನ್ನೊಬ್ಬ. ಬಿಜ್ಜಣ್ಣನ ಬಾಯಿಂದಲೂ ಮಾತು ಹೊರಬಿತ್ತು: "ಸಾಯಲು ಕರೆತಂದೆಯಲ್ಲ ನಮ್ಮನ್ನು!"

ಆ ಮಾತು ಅವಳನ್ನು ಇರಿಯಿತು. ಕೈ ತಾನಾಗಿ ಕತ್ತಿಯ ಹಿಡಿಗೆ ಹೋಯಿತು. ಕತ್ತಿ ಒರೆಯಿಂದ ಸರಿದಷ್ಟೂ ಯೋಧರ ಕಾಲು ಮೊಣಕಾಲಿನವರೆಗೆ ಬಿಗಿಯುತ್ತಾ ಬಂತು. ಪದುಮಲೆ ಹಲ್ಲು ಕಚ್ಚಿ ಕತ್ತಿಯನ್ನು ಒಳಗೆ ತಳ್ಳಿದಳು.

"ನಿನ್ನ ತಮ್ಮನ ಹೆಸರೇನು?" ಎಂದು ಮೊದಲನೆಯವನನ್ನು ಕೇಳಿದಳು.

ಅವನು ತಬ್ಬಿಬ್ಬಾದ. "ಕೇತ."

"ಕೇತನನ್ನು ಹುಡುಕಿಯೇ ಕೆಳಗಿಳಿಯೋಣ. ನೀವು ಅಂದದ್ದರಲ್ಲಿ ನಿಜವೂ ಇದೆ. ಬೈಯುವುದಿದ್ದರೆ ಬೈಯಿರಿ. ಆದರೆ ನಡೆಯುತ್ತಾ ಬೈಯಿರಿ."

ಒಬ್ಬ ನಕ್ಕುಬಿಟ್ಟ. ಗಾಳಿ ನಿಂತಿತು, ಬಿಗಿದ ಕಾಲುಗಳು ಸಡಿಲವಾದವು.

ತುದಿ ಕಾಣುವಷ್ಟರಲ್ಲಿ ದಾರಿ ಎರಡಾಯಿತು. ಎಡದ್ದು ಹತ್ತಿರ, ಬಲದ್ದು ಸುತ್ತು.

"ಎಡದ ಬಂಡೆಗಳು ಸಡಿಲ, ಬೇಡ ತಾಯಿ," ಎಂದ ಬಿಜ್ಜಣ್ಣ.

ಎರಡು ಸಲ ಗೆದ್ದ ಹುಮ್ಮಸ್ಸು ಪದುಮಲೆಯದು. "ಹೊತ್ತಿಲ್ಲ ದಳವಾಯಿಗಳೇ. ಎಡಕ್ಕೇ ಹೋಗೋಣ."

"ಹಾಗಾದರೆ ಮೊದಲು ನಾನು," ಎಂದು ಮುದುಕ ಹೆಜ್ಜೆಯಿಟ್ಟ. ಬಂಡೆ ಕಳಚಿತು. ಬಿಜ್ಜಣ್ಣ ಆಳದ ಬಿರುಕಿಗೆ ಬಿದ್ದ; ಬೀಳುತ್ತಲೇ ಕಲ್ಲಾದ.

ಆಗ ಶಿಲಾಕ್ಷ ತುದಿಯ ಬಂಡೆಯ ಮೇಲೆ ಕಾಣಿಸಿಕೊಂಡ. ಅವನ ಕೈಯಲ್ಲಿ ಗಿಂಡಿ. ಗಿಂಡಿಯೊಳಗೆ ಹೊಳೆಯ ಭೋರ್ಗರೆತ.

"ಅವನನ್ನು ಕೊಂದದ್ದು ನಾನಲ್ಲ, ನೀನು," ಎಂದ ಮೆಲ್ಲಗೆ. "ಇನ್ನೆಷ್ಟು ಜನ ಬೇಕು? ಕುಳಿತುಕೋ ಮಗಳೇ. ಸಾಕು."

ಅವನು ಹೇಳಿದ್ದು ಸುಳ್ಳಲ್ಲ ಎಂಬುದೇ ಅವಳ ಶಕ್ತಿ ಹೀರಿತು. ಪದುಮಲೆ ಮಂಡಿಯೂರಿದಳು. ಅವಳ ಬೆರಳುಗಳು ಬೂದುಬಣ್ಣಕ್ಕೆ ತಿರುಗಿದವು. ಹಿಂದೆ ಯೋಧರು ಎದೆಯವರೆಗೆ ಕಲ್ಲಾದರು. ಒಬ್ಬೊಬ್ಬರ ಉಸಿರೂ ಸಿಕ್ಕಿಕೊಳ್ಳುತ್ತಿತ್ತು.

"ಅಮ್ಮಣ್ಣಿ!" ಮಾಚವ್ವೆಯ ದನಿ. "ನಮ್ಮಪ್ಪ ಬಿದ್ದದ್ದು ನಿಮ್ಮ ಮಾತಿನಿಂದ. ಅದನ್ನು ನಾನು ಮರೆಯುವುದಿಲ್ಲ. ಆದರೆ ಈಗ ನೀವು ಇಲ್ಲಿ ಕುಳಿತರೆ ಅವನು ಬಿದ್ದದ್ದೂ ದಂಡ. ಏಳಿ!"

ಪದುಮಲೆ ಅತ್ತಳು. ಅಳುತ್ತಲೇ ಒಂದು ಕಾಲೂರಿದಳು. ಅಳುತ್ತಲೇ ಇನ್ನೊಂದು ಕಾಲೂರಿದಳು. ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು: "ತಪ್ಪು ನನ್ನದು. ಇನ್ನೊಬ್ಬರ ಮೇಲೆ ಹಾಕುವುದಿಲ್ಲ. ಇದನ್ನು ಹೊತ್ತುಕೊಂಡೇ ನಡೆಯುತ್ತೇನೆ. ಬಲದ ದಾರಿ ಹಿಡಿಯಿರಿ!"

ಯೋಧರ ಮೈಯಿಂದ ಕಲ್ಲು ಸಿಪ್ಪೆಯಂತೆ ಉದುರಿತು. ಅವಳು ಮುಂದೆ, ಅವರು ಹಿಂದೆ. ಶಿಲಾಕ್ಷ ಕೋಣವನ್ನು ಕರೆದ, ಅವಳು ನಿಲ್ಲಲಿಲ್ಲ. ಗಾಳಿಯನ್ನು ಕರೆದ, ನಿಲ್ಲಲಿಲ್ಲ. "ಕೊಲೆಗಾತಿ!" ಎಂದು ಕಿರುಚಿದ, ಕಣ್ಣೊರೆಸಿಕೊಂಡಳು, ನಿಲ್ಲಲಿಲ್ಲ. ಅವನ ಅಷ್ಟು ಹತ್ತಿರಕ್ಕೆ ಯಾರೂ ಬಂದಿರಲಿಲ್ಲ. ಮಾಂತ್ರಿಕನ ಎದೆ ಒಡೆಯಿತು. ಬೆಟ್ಟದ ಮಾಯೆಗೆ ಒಡೆಯನಾದರೇನು, ಹೊರಗಿನವನಾದರೇನು? ಶಿಲಾಕ್ಷ ಬಾಯಿ ತೆರೆದಂತೆಯೇ ಕಲ್ಲಾದ.

ಪದುಮಲೆ ಅವನ ಕೈಯಿಂದ ಗಿಂಡಿ ಕಿತ್ತು ಬಗ್ಗಿಸಿದಳು. ಶಿಲಾಕ್ಷನಿಗೆ ಒಂದು ಹನಿಯೂ ತಾಗದಂತೆ ಹೊಳೆ ಕೆಳಕ್ಕೆ ಧುಮುಕಿತು. ನೀರು ತಾಗಿದ ಕಲ್ಲುಗಳೆಲ್ಲ ಮನುಷ್ಯರಾಗಿ ಕೆಮ್ಮುತ್ತಾ ಎದ್ದರು: ದೊರೆ, ಅವನ ಸೈನ್ಯ, ಕೇತ. ಬಿರುಕು ತುಂಬಿ, ಬಿಜ್ಜಣ್ಣ ನೀರಿನ ಮೇಲೆ ತೇಲಿ ಬಂದ. ಮಾಚವ್ವೆ ಅಪ್ಪನನ್ನು ದಡಕ್ಕೆಳೆದು ತಬ್ಬಿಕೊಂಡಳು.

ಪದುಮಲೆ ಮುದುಕನ ಮುಂದೆ ಕೈಮುಗಿದಳು. "ನಿಮ್ಮ ಮಾತು ಕೇಳಬೇಕಿತ್ತು. ಕ್ಷಮಿಸಿ."

"ಕೇಳಬೇಕಿತ್ತು," ಎಂದ ಬಿಜ್ಜಣ್ಣ ಗಡ್ಡ ಹಿಂಡುತ್ತಾ. "ಇಳಿಯುವಾಗಲಾದರೂ ಕೇಳಿ ತಾಯಿ. ನನ್ನ ಸೊಂಟ ಇನ್ನೊಂದು ಸಲ ತಡೆಯದು."

ದೊರೆ ಮಗಳಿಗೆ ಪಟ್ಟ ಕಟ್ಟಿದ. ಹೊಳೆ ಊರಿಗೆ ಬಂದ ದಿನ ಜನ ಬಟ್ಟೆ ಸಮೇತ ನೀರಿಗಿಳಿದರು. ಸಿರಿವೊಳಲಿನವರು ಅಂದಿನಿಂದ ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ದೆ ಮಾಡಿ, ನಗುನಗುತ್ತಾ ಬಾಳಿದರು.