ತಣ್ಣಗಿದೆ ಎಂದು ಬರೆದ ಕೈ

"ಕೈ ತೆಗೀರಿ."

ಕುದುರೆಯ ಮುಂಗಾಲ ಬಳಿ ಕುಕ್ಕರಗಾಲಲ್ಲಿ ಕೂತಿದ್ದ ಹೊಸ ಸವಾರಿ ಮೇಷ್ಟ್ರು ತಲೆ ಎತ್ತಿದ. ಲಾಯದ ಬಾಗಿಲಲ್ಲಿ ಒಬ್ಬಳು ನಿಂತಿದ್ದಳು. ಒಂದು ಕೈಯಲ್ಲಿ ಬಕೆಟ್ಟು, ಕಂಕುಳಲ್ಲಿ ಸುತ್ತಿಟ್ಟ ಬ್ಯಾಂಡೇಜು. ಅವಳು ನೋಡುತ್ತಿದ್ದುದು ಅವನ ಮುಖವನ್ನಲ್ಲ, ಕೈಯನ್ನು.

"ನಾನು ಇವತ್ತಿಂದ ಇಲ್ಲಿ..."

"ಯಾರಾದ್ರೂ ಆಗಿರಿ. ಬಿಸಿಲಲ್ಲಿ ನಡ್ಕೊಂಡು ಬಂದ ಕೈ ಅದು. ಕೈಯೇ ಕಾದಿದ್ರೆ ಕುದುರೆ ಕಾಲಿನ ಬಿಸಿ ನಿಮಗೆ ಹೇಗೆ ತಿಳಿಯುತ್ತೆ? ಐದು ನಿಮಿಷ ನೆರಳಲ್ಲಿ ನಿಲ್ಲಿ. ಆಮೇಲೆ ಮುಟ್ಟಿ."

ಅವನು ನಗಲಿಲ್ಲ, ಸಿಡುಕಲೂ ಇಲ್ಲ. ಎದ್ದುಹೋಗಿ ತಂಪಾದ ಗೋಡೆಗೆ ಎರಡೂ ಅಂಗೈ ಒತ್ತಿಕೊಂಡು ನಿಂತ. ತಪ್ಪು ಮಾಡಿದ ವಿದ್ಯಾರ್ಥಿಯ ಹಾಗೆ ಬೆನ್ನು ತಿರುಗಿಸಿ, ಸರಿಯಾಗಿ ಐದು ನಿಮಿಷ. ಬೆವರಿಗೆ ಅಂಟಿದ ಅವನ ಅಂಗಿಯ ಬೆನ್ನನ್ನು ಅವಳು ಒಮ್ಮೆ ನೋಡಿದಳು. ಮತ್ತೊಮ್ಮೆ ನೋಡಿದ್ದಕ್ಕೆ ತನ್ನ ಮೇಲೆ ತಾನೇ ಸಿಟ್ಟಾದಳು.

"ಈಗ?" ಅಂದ.

"ಈಗ ಮುಟ್ಟಿ. ಅಂಗೈಯಲ್ಲಲ್ಲ, ಹಿಂಗೈಯಲ್ಲಿ."

ಲಾಯದವರೆಲ್ಲ ಅವಳನ್ನು ಥರ್ಮಾಮೀಟರ್ ಎಂದೇ ಕರೆಯುತ್ತಿದ್ದರು. ಕುದುರೆಯ ಕಾಲಿನೊಳಗೆ ಎಲ್ಲಾದರೂ ನೋವು ಹೊಗೆಯಾಡುತ್ತಿದ್ದರೆ, ಊತ ಕಣ್ಣಿಗೆ ಬೀಳುವುದಕ್ಕೆ ಒಂದು ದಿನ ಮೊದಲೇ ಅವಳ ಹಿಂಗೈಗೆ ಗೊತ್ತಾಗುತ್ತಿತ್ತು. ಅಪ್ಪನಿಂದ ಬಂದ ವಿದ್ಯೆ. ಅಪ್ಪ ಇದೇ ಲಾಯದಲ್ಲಿ ಮೂವತ್ತು ವರ್ಷ ಲದ್ದಿ ಎತ್ತಿ, ಸೊಂಟ ಬಿದ್ದುಹೋಗಿ, ಈಗ ಲಾಯದ ಹಿಂದಿನ ಒಂಟಿ ಕೋಣೆಯಲ್ಲಿ ಕೂತಿದ್ದ. ಅವಳು ಕೆಲಸದಲ್ಲಿರುವ ತನಕ ಆ ಕೋಣೆ ಅವರದು.

ಕೆಂಚಿ ಎಂಬ ಆ ಕೆಂಪು ಹೆಣ್ಣುಕುದುರೆಯ ಎಡ ಮುಂಗಾಲಿಗೆ ಪೆಟ್ಟಾಗಿ ಎರಡು ತಿಂಗಳಾಗಿತ್ತು. ಮಂಡಿಯ ಕೆಳಗೆ, ಹಿಂಬದಿಯಲ್ಲಿ ಹಗ್ಗದಂತೆ ಇಳಿಯುವ ಟೆಂಡನ್ ಎಂಬ ನಾರು ಒಂದು ಜಿಗಿತದಲ್ಲಿ ಎಳೆ ಎಳೆಯಾಗಿ ಹರಿದಿತ್ತು. ಅಂಥ ಕಾಲು ಔಷಧಿಯಿಂದ ವಾಸಿಯಾಗುವುದಿಲ್ಲ, ಲೆಕ್ಕ ತಪ್ಪದ ನಡಿಗೆಯಿಂದ ವಾಸಿಯಾಗುತ್ತದೆ. ಮೊದಲ ತಿಂಗಳು ನಿಂತಲ್ಲೇ ನಿಲುಗಡೆ. ಆಮೇಲೆ ಗಟ್ಟಿ ನೆಲದ ಮೇಲೆ, ನೇರ ದಾರಿಯಲ್ಲಿ ದಿನಕ್ಕೆ ಐದು ನಿಮಿಷ ಹಗ್ಗ ಹಿಡಿದು ನಡೆಸುವುದು. ವಾರಕ್ಕೆ ಐದೈದು ನಿಮಿಷ ಏರಿಕೆ. ದಿನ ಬೆಳಗಾದರೆ ಮೇವು ಹಾಕುವ ಮೊದಲು ಕಾಲು ಮುಟ್ಟಿ ನೋಡಿ ಅವಳು ಪುಸ್ತಕದಲ್ಲಿ ಬರೆಯಬೇಕು: ಬಿಸಿ ಇದೆ, ಅಥವಾ ತಣ್ಣಗಿದೆ. ಆ ಒಂದು ಪದದ ಮೇಲೆ ಆ ದಿನದ ನಡಿಗೆ.

ಮೇಷ್ಟ್ರು ದಿನಾ ಜೊತೆಗೆ ನಡೆಯತೊಡಗಿದ. ಕುದುರೆಯ ಈ ಪಕ್ಕ ಅವಳು, ಆ ಪಕ್ಕ ಅವನು. ನಡುವೆ ಕೆಂಚಿಯ ಕತ್ತು. ಮಾತಾಡಬೇಕೆಂದರೆ ಕತ್ತಿನ ಕೆಳಗಿನಿಂದ ಬಗ್ಗಿ ನೋಡಬೇಕು.

"ನಿಮಗೆ ಬೇರೆ ಕೆಲಸ ಇಲ್ವಾ ಮೇಷ್ಟ್ರೇ?"

"ಇದೆ. ಸವಾರಿ ಕಲಿಯೋ ಮೆಂಬರುಗಳು ಎದ್ದು ಬರೋದು ಎಂಟು ಗಂಟೆಗೆ."

"ಹಾಗಾದ್ರೆ ಮಲಗಿ."

"ನಿದ್ದೆ ಬರಲ್ಲ." ಅವನು ಬಗ್ಗಿ ನೋಡಿದ. ಅವಳು ಆಗಲೇ ನೇರ ಮುಂದೆ ನೋಡುತ್ತಿದ್ದಳು. ಕಿವಿಯ ತುದಿ ಮಾತ್ರ ಕೆಂಪಾಗಿತ್ತು.

ಹೀಗೆ ಏಳು ವಾರ. ಒಂದು ದಿನ ಅವನು ಜೀನು ಹೊತ್ತು ತಂದ. ಇನ್ನು ಕೆಂಚಿ ಭಾರ ಹೊತ್ತು ನಡೆಯಬೇಕು, ಸವಾರ ಹಗುರ ಇರಬೇಕು ಎಂದು ಕುದುರೆ ಡಾಕ್ಟರು ಚೀಟಿ ಬರೆದಿದ್ದರು.

"ನಾನು ಎಂಬತ್ತು ಕಿಲೋ," ಅಂದ ಮೇಷ್ಟ್ರು. "ನೀವು ಐವತ್ತು ಇದ್ದೀರೋ ಇಲ್ವೋ. ಹತ್ತಿ."

ಅವಳು ಜೀನುಕೋಣೆಯ ಬಾಗಿಲ ಕಡೆ ಗಲ್ಲ ಎತ್ತಿ ತೋರಿಸಿದಳು. ಅಲ್ಲಿ ಬಿಳಿ ಬಣ್ಣದಲ್ಲಿ ಬರೆದಿತ್ತು: ಕೆಲಸದವರು ಸವಾರಿ ಮಾಡುವಂತಿಲ್ಲ.

"ಓದೋಕೆ ಬರಲ್ವಾ?"

"ಬರುತ್ತೆ. ಓದಿದ ದಿನದಿಂದ ಹೊಟ್ಟೆ ಉರೀತಿದೆ."

ಅವಳಿಗೆ ಉರಿ ಹೊಸದಲ್ಲ. ಜೀನು ಒರೆಸುವುದು ನಿಮ್ಮ ಪಾಲು, ಅದರ ಮೇಲೆ ಕೂರುವುದು ನಮ್ಮ ಪಾಲು ಎಂಬುದೇ ಆ ಹಲಗೆಯ ತಾತ್ಪರ್ಯ. ಮೂವತ್ತು ವರ್ಷದಲ್ಲಿ ಅಪ್ಪ ಒಂದು ದಿನವೂ ಅದರ ಮೇಲೆ ಕೂರಲಿಲ್ಲ. ಆದರೂ ಕುದುರೆಗಳನ್ನು ನೀರಿಗೆ ಹೊಡೆದುಕೊಂಡು ಹೋಗುವಾಗ ಜೀನಿಲ್ಲದ ಬೆನ್ನ ಮೇಲೆ ಮಗಳನ್ನು ಕೂರಿಸಿ, ಕಾಲಿನಿಂದ ಕುದುರೆಯ ಜೊತೆ ಮಾತಾಡುವುದನ್ನು ಕಲಿಸಿದ್ದ.

ಅವಳು ಕೆಂಚಿಯ ಕಾಲನ್ನು ನೋಡಿದಳು. ಅರ್ಧ ಕೂಡಿದ ಎಳೆಗಳ ಮೇಲೆ ಎಂಬತ್ತು ಕಿಲೋ ಬಿದ್ದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಬಕೆಟ್ಟು ಬೋರಲು ಹಾಕಿ ಅದರ ಮೇಲೆ ನಿಂತಳು. ಅವನು ಕಾಲಿಡುವ ರಿಕಾಬನ್ನು ಅಲುಗದಂತೆ ಹಿಡಿದ. ಅವಳ ಹರಕಲು ಬೂಟು ಅದರೊಳಗೆ ಹೋಗುವಾಗ ಅವನ ಬೆರಳಿಗೆ ತಾಗಿತು. ಇಬ್ಬರೂ ಏನೂ ಆಗಿಲ್ಲವೆಂಬಂತೆ ಇದ್ದರು.

ಆ ದಿನದಿಂದ ಲೋಕ ಸ್ವಲ್ಪ ತಲೆಕೆಳಗಾಯಿತು. ಕೆಲಸದವಳು ಕುದುರೆಯ ಮೇಲೆ, ಮೇಷ್ಟ್ರು ಹಗ್ಗ ಹಿಡಿದು ನೆಲದ ಮೇಲೆ. ಅವನು ಕತ್ತೆತ್ತಿ ನೋಡುತ್ತಿದ್ದ. ಅವಳನ್ನು ಕತ್ತೆತ್ತಿ ನೋಡಿದ ಮೊದಲ ಮನುಷ್ಯ ಅವನೇ.

"ಮುಂದೆ ನೋಡ್ಕೊಂಡು ನಡೀರಿ. ಎಡವ್ತೀರಿ."

"ಆಗಲೇ ಎಡವಿ ಆಯ್ತು."

ಅವಳು ಲಗಾಮು ಸರಿಮಾಡಿಕೊಂಡಳು. ಆದರೆ ಆ ಮಾತು ಇಡೀ ದಿನ ಬಾಯಲ್ಲಿಟ್ಟ ಸಕ್ಕರೆಯ ಹಾಗೆ ಕರಗುತ್ತಲೇ ಇತ್ತು.

ನಡಿಗೆ ಶುರುವಾದ ತೊಂಬತ್ತಾರನೆಯ ದಿನ ಮೊದಲ ಟ್ರಾಟ್. ನಡಿಗೆಗಿಂತ ಒಂದು ಮೆಟ್ಟಿಲು ಮೇಲಿನ, ಕುಲುಕುವ ಓಟ. ಎರಡೇ ನಿಮಿಷ. ಹಿಂದಿನ ದಿನವೇ ಅವನು ಹೇಳಿದ್ದ, "ನಾಳೆ ಟ್ರಾಟ್ ಆದ್ಮೇಲೆ ನಿಮ್ಮ ಹತ್ರ ಒಂದು ಮಾತಿದೆ."

ಬೆಳಗ್ಗೆ ಅವಳು ಎರಡು ಸಲ ತಲೆ ಬಾಚಿದಳು. ಹೊತ್ತಾಯಿತು. ಹಲ್ಲುದುರಿದ ಮುದಿ ಕುದುರೆಗೆ ಬಿಸಿನೀರಲ್ಲಿ ಹೊಟ್ಟು ನೆನೆಸಿ ಕಲಸುವ ಕೆಲಸ ಇನ್ನೂ ಬಾಕಿ ಇತ್ತು. ಮೊಣಕೈವರೆಗೂ ಕೈ ಅದ್ದಿ ಕಲಸುತ್ತಿದ್ದಾಗ ಅಂಗಳದಿಂದ ಅವನ ದನಿ ಬಂತು, "ಆಯ್ತಾ?"

"ಬಂದೆ."

ಕೈ ಒರೆಸಿಕೊಂಡು ಓಡಿದಳು. ಕೆಂಚಿಯ ಕಾಲಿಗೆ ಹಿಂಗೈ ಇಟ್ಟಳು. ತಂಪು. ಪುಸ್ತಕದಲ್ಲಿ ಬರೆದಳು: ತಣ್ಣಗಿದೆ.

ಮೊದಲ ನಿಮಿಷ ಚೆನ್ನಾಗಿತ್ತು. ಎರಡನೆಯದರ ನಡುವೆ ಎಡಗಾಲು ಊರಿದಾಗಲೆಲ್ಲ ಕೆಂಚಿಯ ತಲೆ ಚೂರು ಮೇಲೆದ್ದು ಬೀಳತೊಡಗಿತು, ಕುಂಟುತನದ ಗುರುತು. ಅವನು "ನಿಲ್ಲಿಸಿ" ಅನ್ನುವ ಮೊದಲೇ ಅವಳು ನಿಲ್ಲಿಸಿ, ಇಳಿದು, ಕಾಲಿಗೆ ಕೈ ಇಟ್ಟಿದ್ದಳು. ಈಗ ಕೈ ಆರಿತ್ತು. ಕಾಲು ಸುಡುತ್ತಿತ್ತು.

ತನ್ನ ಎರಡೂ ಕೈಗಳನ್ನು ಬೇರೆ ಯಾರವೋ ಎಂಬಂತೆ ನೋಡಿಕೊಂಡಳು. "ಬಿಸಿನೀರಲ್ಲಿತ್ತು," ಅಂದಳು ಮೆಲ್ಲಗೆ. "ನನ್ನ ಕೈ ಬಿಸಿನೀರಲ್ಲಿತ್ತು."

ಸುದ್ದಿ ಕೇಳಿ ಹತ್ತು ಗಂಟೆಗೆ ಲಾಯದ ಯಜಮಾನಿ ಬಂದರು. ವರ್ಷದ ಕೊನೆಯ ಸ್ಪರ್ಧೆಗೆ ಕೆಂಚಿಯ ಹೆಸರು ಕೊಟ್ಟಾಗಿತ್ತು. ಅವರು ಯಾರ ಮೇಲೂ ಕೂಗಾಡಲಿಲ್ಲ, ಕೂಗಾಡುವ ಅಗತ್ಯವಿಲ್ಲದವರು.

"ಕುದುರೆ ಮೇಲೆ ಯಾರಿದ್ರು?"

ಅವಳು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಮುಂದೆ ಬಂದಿದ್ದ. "ತಪ್ಪು ನನ್ನದು ಮೇಡಂ. ನಾನು ಹತ್ತು ಅಂದೆ, ಹತ್ತಿದ್ರು. ಓಡಿಸು ಅಂದೆ, ಓಡಿಸಿದ್ರು. ಕಾಲು ನೋಡಿದ್ದೂ ನಾನೇ. ಅವರಿಗೇನೂ ಗೊತ್ತಿಲ್ಲ."

"ಅದು ಸರಿ," ಅಂದರು ಯಜಮಾನಿ. "ಇವಳಿಗೇನು ಗೊತ್ತಾಗುತ್ತೆ." ಮಧ್ಯಾಹ್ನ ಡಾಕ್ಟರು ಬಂದು ಸ್ಕ್ಯಾನ್ ಮಾಡಿದ ಮೇಲೆ ಮುಂದಿನ ಮಾತು ಎಂದು ಹೇಳಿ ಹೊರಟುಹೋದರು.

ಜೀನುಕೋಣೆಯಲ್ಲಿ ಅವಳು ಅವನೆದುರು ನಿಂತಳು. ಚರ್ಮದ, ಎಣ್ಣೆಯ ವಾಸನೆ. ಇಷ್ಟು ಹತ್ತಿರ ಅವರು ಯಾವತ್ತೂ ನಿಂತಿರಲಿಲ್ಲ.

"ಯಾಕೆ ಹಾಗಂದ್ರಿ?"

"ನಿಮ್ಮ ಕೆಲಸ ಹೋಗುತ್ತೆ. ಕೋಣೆ ಹೋಗುತ್ತೆ. ಅಪ್ಪ ಇದ್ದಾರೆ. ನನಗೆ ಇನ್ನೊಂದು ಲಾಯ ಸಿಗುತ್ತೆ."

"ಕಾಲು ನೋಡಿದ್ದು ಯಾರು?"

ಅವನು ಗೋಡೆಗೆ ನೇತುಹಾಕಿದ್ದ ಲಗಾಮೊಂದನ್ನು ಸರಿಪಡಿಸತೊಡಗಿದ.

"ತೊಂಬತ್ತಾರು ದಿನ ಕಾಲು ನೋಡಿದ್ದು ಯಾರು ಮೇಷ್ಟ್ರೇ? ನಿಮ್ಮ ಮಾತು ನಿಜ ಆದ್ರೆ ಇವತ್ತಿನ ತಪ್ಪು ನಂದಲ್ಲ. ಹಿಂದಿನ ತೊಂಬತ್ತೈದು ದಿನದ ಸರಿನೂ ನಂದಲ್ಲ. ನಾನು ಯಾರೋ ಹೇಳಿದ ಹಾಗೆ ಕುಣಿದ ಗೊಂಬೆ." ಅವಳ ದನಿ ಏರಲಿಲ್ಲ, ಒಣಗಿತು. "ನಮ್ಮಪ್ಪನಿಗೆ ಮೂವತ್ತು ವರ್ಷ ಎಲ್ಲರೂ ಹೇಳಿದ್ದು ಇದೇ ಮಾತು, ನಿನಗೇನು ಗೊತ್ತು ಅಂತ. ಅವರು ತಾತ್ಸಾರದಲ್ಲಿ ಹೇಳಿದ್ರು. ನೀವು ಪ್ರೀತಿಯಿಂದ ಹೇಳಿದ್ರಿ. ಅಷ್ಟೇ ವ್ಯತ್ಯಾಸ."

ಪ್ರೀತಿ ಎಂಬ ಪದ ಅವಳ ಬಾಯಿಂದಲೇ ಮೊದಲು ಬಂತು, ಅದೂ ಹೀಗೆ. ಅವನು ಕಣ್ಣೆತ್ತಿದ. ಅವಳು ಆಗಲೇ ಹೊರಗೆ ಹೋಗಿದ್ದಳು.

ಮಧ್ಯಾಹ್ನ ಡಾಕ್ಟರು ಕಾಲಿಗೆ ಜೆಲ್ ಹಚ್ಚಿ ಸ್ಕ್ಯಾನಿನ ಪರದೆ ನೋಡುತ್ತ ಕೂತಿದ್ದರು. ಯಜಮಾನಿ ಪಕ್ಕದಲ್ಲಿ. ಅವಳು ಕೆಂಚಿಯ ತಲೆ ಹಿಡಿದು ನಿಂತಿದ್ದಳು. ಹಿಂದಿನ ಕೋಣೆಯ ಕಿಟಕಿಯಲ್ಲಿ ಅಪ್ಪನ ನೆರಳು ಕಾಣುತ್ತಿತ್ತು. ಅದನ್ನು ನೋಡಿದರೆ ಧೈರ್ಯ ಕುಸಿಯುತ್ತದೆಂದು ಆ ಕಡೆ ನೋಡಲಿಲ್ಲ.

"ಮೇಡಂ, ಬೆಳಗ್ಗೆ ಕಾಲು ನೋಡಿದ್ದು ನಾನು. ಬಿಸಿ ನೀರಿಂದ ತೆಗೆದ ಕೈಯಲ್ಲಿ ಮುಟ್ಟಿದೆ. ಕಾಲು ಕಾದಿದ್ದು ತಿಳೀಲಿಲ್ಲ. ತಣ್ಣಗಿದೆ ಅಂತ ಬರೆದೆ. ತಪ್ಪು ನಂದು."

"ಮೇಷ್ಟ್ರು ಬೇರೆ ಥರ ಹೇಳಿದ್ರಲ್ಲ?"

ಎಲ್ಲರೂ ಬಾಗಿಲ ಬಳಿ ನಿಂತಿದ್ದ ಅವನ ಕಡೆ ತಿರುಗಿದರು. ಅವನು ಬೆಳಗಿನ ಮಾತಿಗೇ ಅಂಟಿಕೊಂಡರೆ ಅವಳ ಕೆಲಸ ಉಳಿಯುತ್ತದೆ, ಕೋಣೆ ಉಳಿಯುತ್ತದೆ. ಬೇರೆಯವರ ಕಣ್ಣಲ್ಲಿ ಅದೇ ದೊಡ್ಡತನ.

"ಬೆಳಗ್ಗೆ ನಾನು ಸುಳ್ಳು ಹೇಳಿದೆ," ಅಂದ. "ಕಾಲು ನೋಡಿದ್ದು ಅವರು. ಬರೆದಿದ್ದು ಅವರು. ಕುದುರೆ ಮೇಲೆ ನಿರ್ಧಾರ ತಗೊಂಡಿದ್ದೂ ಅವರು. ಕುಂಟಿದ್ದು ನನಗೆ ಕಾಣೋ ಮೊದಲೇ ನಿಲ್ಲಿಸಿದ್ರು. ಅವರು ಮಾಡಿದ್ದು ಕೆಲಸ ಬಲ್ಲವರು ಮಾಡೋ ತಪ್ಪು. ನಾನೂ ಎರಡು ಕುದುರೆಗಳ ವಿಷಯದಲ್ಲಿ ಮಾಡಿದ್ದೀನಿ. ನನ್ನನ್ನ ಯಾರೂ ಓಡಿಸ್ಲಿಲ್ಲ. ನನ್ನ ಕಾಲಲ್ಲಿ ಒಳ್ಳೆ ಬೂಟಿತ್ತು, ಅದಕ್ಕೆ."

ಡಾಕ್ಟರು ಪರದೆಯಿಂದ ಕಣ್ಣು ತೆಗೆಯದೆಯೇ ಹೇಳಿದರು, "ಎಳೆ ಹೊಸದಾಗಿ ಹರಿದಿಲ್ಲ. ಅಂಚಲ್ಲಿ ಊತ, ಅಷ್ಟೆ. ಮೂರು ವಾರ ನಿಲ್ಲಿಸಿ, ಮತ್ತೆ ಐದು ನಿಮಿಷದಿಂದ ಶುರು ಮಾಡಿ. ಇನ್ನೊಂದು ಸುತ್ತು ಓಡಿಸಿದ್ರೆ ಈ ಕುದುರೆ ಮುಗೀತಿತ್ತು. ಆ ಪುಸ್ತಕ ಬರೆಯೋ ಕೈಯನ್ನ ತೆಗೆದುಹಾಕೋದಾದ್ರೆ ಮುಂದಿನ ಸಲ ನನ್ನನ್ನೂ ಕರೀಬೇಡಿ."

ಯಜಮಾನಿ ಬಹಳ ಹೊತ್ತು ಕೆಂಚಿಯ ಕಾಲನ್ನೇ ನೋಡಿದರು. ಕೊನೆಗೆ, "ಅವಳು ಇರಲಿ. ಮೇಷ್ಟ್ರೇ, ನೀವು ಈ ತಿಂಗಳ ಕೊನೆಗೆ ಬಿಡಿ. ನನ್ನ ಲಾಯದ ನಿಯಮ ಮುರಿಯೋಕೆ ನಿಮ್ಮನ್ನ ಕರೆಸ್ಲಿಲ್ಲ." ಸ್ಪರ್ಧೆಯ ಮಾತು ಎತ್ತಲಿಲ್ಲ. ಬಾಗಿಲ ಮೇಲಿನ ಹಲಗೆಯ ಮಾತನ್ನೂ ಎತ್ತಲಿಲ್ಲ. ಹಲಗೆಗಳು ಒಂದೇ ಮಧ್ಯಾಹ್ನಕ್ಕೆ ಬೀಳುವುದಿಲ್ಲ.

ಕಾಲಿಗೆ ತಣ್ಣೀರು ಬಿಡುವ ಹೊತ್ತಾಗಿತ್ತು. ಇಪ್ಪತ್ತು ನಿಮಿಷ, ಒಂದೇ ಸಮನೆ. ಅವಳು ಅಂಗಳದಲ್ಲಿ ಪೈಪು ಹಿಡಿದಳು. ಅವನು ಬಂದು ಕೆಂಚಿಯ ಹಗ್ಗ ಹಿಡಿದು ನಿಂತ.

"ನಿಮ್ಮ ಕೆಲಸ ಹೋಯ್ತು," ಅಂದಳು.

"ಹೋಯ್ತು. ಅದು ನನ್ನ ತಪ್ಪಿಗೆ. ಅದನ್ನ ನೀವು ತಗೋಬೇಡಿ."

ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ನೀರಿನ ಧಾರೆಯನ್ನು ಕಾಲಿನ ಮೇಲೆ ನೆಟ್ಟಗೆ ಹಿಡಿದಳು.

"ನಿನ್ನೆ ಏನೋ ಮಾತಿದೆ ಅಂದಿದ್ರಿ."

"ಇತ್ತು. ನಿಮ್ಮನ್ನ ಇಲ್ಲಿಂದ ಕರ್ಕೊಂಡು ಹೋಗ್ತೀನಿ, ಚೆನ್ನಾಗಿ ನೋಡ್ಕೋತೀನಿ ಅಂತ ಹೇಳೋಣ ಅಂತಿದ್ದೆ." ಅವನು ತಲೆ ತಗ್ಗಿಸಿದ. "ಈಗ ಆ ಮಾತಿಗೆ ನಾಚಿಕೆ ಆಗುತ್ತೆ."

"ನಾನು ಬರಲ್ಲ. ಇವಳ ಕಾಲು ಗಟ್ಟಿಯಾಗೋಕೆ ಇನ್ನೂ ಏಳೆಂಟು ತಿಂಗಳು ಬೇಕು."

"ಗೊತ್ತು. ನದಿ ಆಚೆ ಲಾಳ ಕಟ್ಟೋರ ಹತ್ರ ಕೆಲಸ ಕೇಳ್ತೀನಿ. ಇದೇ ಊರಲ್ಲಿ ಇರ್ತೀನಿ. ನೀವು ಬೇಡ ಅಂದ್ರೂ ಇರ್ತೀನಿ. ಆದ್ರೆ ಬೇಕು ಅಂದ್ರೆ ಚೆನ್ನಾಗಿರುತ್ತೆ."

ಅವಳು ಕಾಲನ್ನೇ ನೋಡಿದಳು. ಕೆಂಚಿ ಎಡಗಾಲಿನ ಮೇಲೆ ಮೆಲ್ಲಗೆ ಭಾರ ಬಿಟ್ಟು ನೋಡಿ, ತೆಗೆದು, ಮತ್ತೆ ಬಿಟ್ಟಿತು. ಅವಳು ಅವನ ಕೈಗೆ ಪೈಪು ಕೊಟ್ಟಳು.

"ಹಿಡಿ. ಇನ್ನೂ ಹನ್ನೆರಡು ನಿಮಿಷ ಇದೆ."

"ಎಲ್ಲಿಗೆ?"

"ಅಪ್ಪನ್ನ ಕರ್ಕೊಂಡು ಬರ್ತೀನಿ. ನಮ್ಮಿಬ್ಬರ ವಿಷಯ ನಾನೇ ಹೇಳ್ತೀನಿ. ನೀನು ಮಧ್ಯೆ ಬಾಯಿ ಹಾಕ್ಬೇಡ."

"ಹಾಕಲ್ಲ," ಅಂದ ಅವನು, ಧಾರೆಯಿಂದ ಕಣ್ಣು ತೆಗೆಯದೆ.