ಹರಿದ ಉತ್ತರದ ಹಾಳೆಗಳು

"ಪರ್‌ರ್‌ರ್...!"

ಶಬ್ದ ಕೇಳಿ ಅವಳು ತಟ್ಟನೆ ತಿರುಗಿದಳು. ಅವಳ ಜಪಾನಿ ಪುಸ್ತಕದ ಕೊನೆಯ ಹಾಳೆಗಳು, ಅಭ್ಯಾಸಗಳಿಗೆ ಉತ್ತರವಿದ್ದ ಅಷ್ಟೂ ಹಾಳೆಗಳು, ಹಿಂದಿನ ಬೆಂಚಿನ ವೆಲ್ಡರ್ ಕೈಯಲ್ಲಿದ್ದವು!

"ರೀ! ತಲೆಗಿಲೆ ಕೆಟ್ಟಿದೆಯಾ ನಿಮಗೆ?"

"ಇಲ್ಲ. ನಿಮ್ಮ ಸಂದರ್ಶನ ಮುಗಿಯೋವರೆಗೂ ಇವು ನನ್ನ ಹತ್ರಾನೇ ಇರ್ತವೆ."

ಒಂದೇ ಜಪಾನಿ ಭಾಷೆಯ ತರಗತಿಯಲ್ಲಿದ್ದರೂ ಅವನು ಅವಳೊಡನೆ ಆಡಿದ ಮೊದಲ ಮಾತು ಅದು. ಕಿಡಿ ಸಿಡಿದು ಕಲೆಯಾದ ಆ ಕೈಗಳಿಗೆ ಅದೆಷ್ಟು ಕೊಬ್ಬು!

ಅವಳು ನರ್ಸ್. ತರಗತಿಯವರ ಬಾಯಲ್ಲಿ ನರ್ಸಮ್ಮ. ಜಪಾನಿನ ಆಸ್ಪತ್ರೆಯೊಂದರ ಸಂದರ್ಶನ ಮುಂದಿನ ವಾರವೇ ಇತ್ತು. ಅದು ಕೈತಪ್ಪಿದರೆ ವರ್ಷಗಳ ಕನಸು ಮಣ್ಣುಪಾಲು. ಪ್ರತಿ ಪಾಠದ ಪುನರಾವರ್ತನೆ ಅಭ್ಯಾಸದಲ್ಲೂ ಪೂರ್ತಿ ಅಂಕ ತೆಗೆಯುತ್ತಿದ್ದವಳು ಅವಳೊಬ್ಬಳೇ.

'ಹೊಟ್ಟೆಕಿಚ್ಚು ಇವನಿಗೆ!' ಎಂದುಕೊಂಡು ನೇರ ಟೀಚರ್ ಬಳಿ ಹೋಗಿ ದೂರಿದಳು.

"ಯಾಕಪ್ಪಾ ಹರಿದೆ?"

ಅವನು ತುಟಿಪಿಟಕ್ ಎನ್ನಲಿಲ್ಲ. ಬೈಸಿಕೊಂಡು ಹೊರಗೆ ಹೋಗಿ ನಿಂತ.

"ಹೋಗ್ಲಿ ಬಿಡಮ್ಮ, ನಿನಗ್ಯಾಕೆ ಉತ್ತರ? ಎರಡನೇ ಪಾಠದ ಅಭ್ಯಾಸ ಹೇಳು. ಆಸ್ಪತ್ರೆ ಎಲ್ಲಿದೆ ಅಂತ ಕೇಳು ನೋಡೋಣ," ಎಂದರು ಟೀಚರ್.

ಅವಳು ಬಾಯಿ ತೆರೆದಳು... ಒಂದು ಪದವೂ ಬರಲಿಲ್ಲ!

ಬರೆದಾಗ ಎಲ್ಲ ಸರಿಯಿತ್ತಲ್ಲ? ಅಯ್ಯೋ... ತಡವರಿಸಿದಾಗಲೆಲ್ಲ ಕೊನೆಯ ಉತ್ತರದ ಹಾಳೆ ತಿರುವಿ ನೋಡಿಯೇ ಬರೆದಿದ್ದಳಲ್ಲ! ಹಿಂದಿನ ಬೆಂಚಿನಿಂದ ಅವನು ಅದನ್ನು ಕಂಡಿದ್ದ. ಕಂಡರೂ ಟೀಚರ್ ಮುಂದೆ ಅವಳ ಮಾನ ಕಳೆಯಲಿಲ್ಲ.

ಹೊರಗೆ ಬಂದು ತಲೆ ತಗ್ಗಿಸಿದಳು. "ತಪ್ಪಾಯ್ತು... ಈಗೇನ್ ಮಾಡ್ಲಿ?"

"ಪುಸ್ತಕ ಮುಚ್ಚಿ ಬಾಯಲ್ಲೇ ಹೇಳಿ. ಸರಿನಾ ತಪ್ಪಾ ನಾನ್ ನೋಡ್ತೀನಿ. ತಪ್ಪಿದ್ದನ್ನ ನಾಳೆ ಮತ್ತೆ ಹೇಳಿ. ಆಮೇಲೆ ಹಳೇ ಪಾಠ, ಹೊಸ ಪಾಠ ಎಲ್ಲಾ ಕಲಸಿ ಕೇಳ್ತೀನಿ."

ಬಸ್ ನಿಲ್ದಾಣದಲ್ಲಿ, ಅವಳು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಗೇಟಿನಲ್ಲಿ ಅವನು ಕೇಳಿದ. ಅವಳು ತಪ್ಪಿದಳು, ನಕ್ಕಳು, ಮತ್ತೆ ಹೇಳಿದಳು. ಉತ್ತರಗಳು ನಾಲಿಗೆಗೆ ಬಂದಷ್ಟೂ ಎದೆ ಭಾರವಾಯಿತು. 'ನಾನು ಹೋಗಿಬಿಡ್ತೀನಿ... ಇವನು ಇಲ್ಲೇ ಉಳೀತಾನೆ...'

ಸಂದರ್ಶನ ಮುಗಿಸಿ ಅವಳು ನೇರ ಅವನ ವರ್ಕ್‌ಶಾಪಿಗೆ ಓಡಿದಳು. ಕಣ್ಣಲ್ಲಿ ನೀರು.

"ಆಯ್ಕೆಯಾದೆ ಕಣ್ರೀ! ಆದ್ರೆ... ನಿಮ್ಮನ್ನ ಬಿಟ್ಟು ಹೋಗೋಕೆ ನನ್ನ ಕೈಲಾಗಲ್ಲ!"

ಅವನು ಮುಖಕವಚ ಮೇಲೆತ್ತಿದ. "ಬಿಟ್ಟು ಯಾಕ್ ಹೋಗ್ತೀರಾ? ಜಪಾನಲ್ಲಿ ನಿಮ್ಮ ಆಸ್ಪತ್ರೆ ಇರೋ ಊರಲ್ಲೇ ನಂಗೆ ಕೆಲಸ ಆಗ್ಲೇ ಸಿಕ್ಕಿದೆ. ಕಲಿತದ್ದು ಮರೀಬಾರ್ದು ಅಂತ ತರಗತಿಗೆ ಬರ್ತಿದ್ದೆ, ಅಷ್ಟೇ."

"ಏನೂ...?!"

"ನೀವು ಫೇಲಾಗಿದ್ರೆ ನಾನೊಬ್ನೇ ಹೋಗ್ಬೇಕಿತ್ತು. ಆ ಭಯಕ್ಕೇ ಹರಿದೆ. ನೀವಂದ್ರೆ... ನಂಗೆ ಪ್ರಾಣ."

ಅವಳು ಅಳುತ್ತಲೇ ನಕ್ಕಳು.

"ಮೊದಲೇ ಹೇಳೋಕೇನಾಗಿತ್ತು ಧಾಡಿ?"

"ನೀವು ದೂರು ಕೊಡೋದ್ರಲ್ಲೇ ಇದ್ರಲ್ಲ!"

"ಸರಿ, ಸಂಜೆ ಮನೆಗೆ ಬಂದು ಅಪ್ಪನ ಹತ್ರ ಮಾತಾಡಿ."

"ಇವತ್ತೇನಾ?!" ಬೆಂಕಿಗೆ ಹೆದರದವನ ಮುಖ ಬಿಳುಚಿಕೊಂಡಿತು.

ಅವಳು ಆ ಕಲೆಗಳ ಕೈಯನ್ನು ಮೆಲ್ಲಗೆ ಹಿಡಿದುಕೊಂಡಳು.

"ಅಪ್ಪ ಬೈದ್ರೆ ಇಬ್ರೂ ಒಟ್ಟಿಗೇ ಬೈಸ್ಕೊಳ್ಳೋಣ ಬಿಡಿ."