ದೊಡ್ಡ ಬೋಟಿಗೆ ಇಬ್ಬರು ಬೇಕು

“ಸಣ್ಣದು ತಗೋರಿ.”

ಭಾಗ್ಯಾ ಇನ್ನೂ ಎರಡೂ ಬೋಟುಗಳನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಅಷ್ಟರಲ್ಲೇ ಅವನು ತೀರ್ಪು ಕೊಟ್ಟುಬಿಟ್ಟಿದ್ದ.

ಗೋಕಾಕದ ಬಸ್ ಸ್ಟ್ಯಾಂಡಿನಿಂದ ಈ ಬೋಟ್ ಕಟ್ಟುವ ಶೆಡ್ಡಿಗೆ ಬಿಸಿಲಲ್ಲಿ ನಡೆದು ಬಂದವಳು ಅವಳು. ಕುರಿ ದಾಟಿಸಲು ಬೋಟ್ ಬೇಕು ಎಂದಷ್ಟೇ ಹೇಳಿದ್ದಳು. ಆ ಮನುಷ್ಯ ವೆಲ್ಡಿಂಗ್ ಕನ್ನಡಕವನ್ನು ಹಣೆಗೇರಿಸಿ ಅವಳನ್ನು ಒಮ್ಮೆ ನೋಡಿದ, ಅವಳ ಬೆನ್ನ ಹಿಂದಿನ ಬಾಗಿಲನ್ನು ಒಮ್ಮೆ ನೋಡಿದ.

“ನಿಮ್ಮ ಕೂಡ ಯಾರ ಬಂದಾರ್ರಿ?”

“ಯಾರೂ ಬಂದಿಲ್ಲ. ಯಾಕ, ನನಗ ಕಣ್ಣಿಲ್ಲೇನ್ರಿ ನೋಡಾಕ?”

ಅವನು ತಬ್ಬಿಬ್ಬಾದ. ಹೆಸರು ಯಲ್ಲಾಲಿಂಗ, ಊರು ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿ. ಈ ಶೆಡ್ಡು ಅವನದೇ. ಕಬ್ಬಿಣದ ಜತೆ ಎಷ್ಟು ಬೇಕಾದರೂ ಮಾತಾಡುವ ಆಸಾಮಿ, ಹೆಣ್ಣುಮಕ್ಕಳ ಮುಂದೆ ಮಾತ್ರ ಎರಡು ಮಾತಿಗೆ ಮೂರನೆಯದು ಹೊರಡುತ್ತಿರಲಿಲ್ಲ. ಹೊರಟರೂ ಉಲ್ಟಾ ಹೊರಡುತ್ತಿತ್ತು.

ಶೆಡ್ಡಿನಲ್ಲಿ ಎರಡು ಪಾಂಟೂನ್ ಬೋಟುಗಳಿದ್ದವು. ಎರಡೂ ಬದಿಗೆ ಒಳಗೆ ಬರೀ ಗಾಳಿಯಿರುವ ಉದ್ದನೆಯ ಕಬ್ಬಿಣದ ಕೊಳವೆ, ಅವುಗಳ ಮೇಲೆ ಚಪ್ಪಟೆ ಹಲಗೆ, ಸುತ್ತ ಸೊಂಟದೆತ್ತರ ಕಂಬಿ, ಹಿಂದೆ ಇಂಜಿನ್ನು. ಸಣ್ಣದರಲ್ಲಿ ಹತ್ತು ಕುರಿ ನಿಲ್ಲಬಹುದು. ದೊಡ್ಡದರಲ್ಲಿ ಅವಳ ಇಡೀ ಹಿಂಡು.

“ನನಗ ದೊಡ್ಡದ ಬೇಕು,” ಎಂದಳು.

“ದೊಡ್ಡದಕ್ಕ ಇಬ್ಬರು ಬೇಕ್ರಿ. ಒಬ್ಬರು ಇಂಜಿನ್ ಹಿಡಿಬೇಕು, ಒಬ್ಬರು ಕುರಿ ನೋಡಬೇಕು. ಸಣ್ಣದನ್ನ ನೀವೊಬ್ಬರ ನಡಸ್ತೀರಿ.” ಮತ್ತೆ ಕೇಳಿದ, “ಮನ್ಯಾಗ ಯಾರರೆ ಅದಾರೇನ್ರಿ... ಗಂಡಸರು?”

ಆ ಪ್ರಶ್ನೆ ಅವಳಿಗೆ ನೇರವಾಗಿ ಎದೆಗೇ ನಾಟಿತು. ಅಣ್ಣ ತಮ್ಮ ಯಾರೂ ಇಲ್ಲದ ಮನೆ ಅವಳದು. ಇದ್ದೊಬ್ಬ ಅಪ್ಪ ರಾಯಪ್ಪ ಮೊಣಕಾಲು ನೋವಿನಿಂದ ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ.

‘ದಿಕ್ಕಿಲ್ಲದವಳು ಅಂತ ಆಡಿಕೊಳ್ಳುತ್ತಿದ್ದಾನೆ... ಇವನೂ ಎಲ್ಲರಂತೆಯೇ.’

“ಅದನ್ನ ತಗೊಂಡ ನಿಮಗೇನ್ ಮಾಡೂದೈತಿ?” ಎಂದವಳೇ ಹೊರಟು ಬಂದಳು. ಸಿಟ್ಟು ಬಂದಾಗ ಅವಳ ಮೂಗಿನ ತುದಿ ಕೆಂಪಗಾಗುತ್ತದೆ. ಅದನ್ನು ಆ ದಿನ ನೋಡಿದವನು ಯಲ್ಲಾಲಿಂಗ ಒಬ್ಬನೇ, ನೋಡಿದ ಮೇಲೆ ಅವನಿಗೆ ಕೆಲಸ ಸಾಗಲಿಲ್ಲ.

ಧುಪದಾಳದ ಹತ್ತಿರ ಘಟಪ್ರಭೆಯ ಹಿನ್ನೀರಿನ ದಂಡೆಯಲ್ಲಿ ಅವಳ ಮನೆ. ಸುಗ್ಗಿ ಮುಗಿದೊಡನೆ ಆಚೆ ದಂಡೆಯ ರೈತರು ಕುರಿ ತಂದು ಹೊಲದಲ್ಲಿ ನಿಲ್ಲಿಸಿ ಎಂದು ಕರೆಯುತ್ತಾರೆ. ಅವರ ಹೊಲಕ್ಕೆ ಗೊಬ್ಬರ, ಇವರ ಕುರಿಗೆ ಮೇವು. ಮೊದಲೆಲ್ಲ ಸೇತುವೆ ಸುತ್ತಿ ರಸ್ತೆಯಲ್ಲೇ ಹೋಗುತ್ತಿದ್ದರು. ಕಬ್ಬಿನ ಹಂಗಾಮು ಶುರುವಾದರೆ ಆ ರಸ್ತೆ ತುಂಬ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳು. ಹೋದ ವರ್ಷ ಅವಳ ಕಣ್ಣೆದುರೇ ಹಲವು ಕುರಿಗಳು ಗಾಲಿಗೆ ಸಿಕ್ಕಿದ್ದವು. ಅವಳು ಒಂದು ವಾರ ಊಟ ಮಾಡಿರಲಿಲ್ಲ.

ಅಂದೇ ರಾಯಪ್ಪ ಹೇಳಿದ್ದ, “ಸಾಕವ್ವ. ಮುಂದಿನ ಸುಗ್ಗಿಗಿ ದಾಟಿಸೂ ದಾರಿ ಸಿಗಲಿಲ್ಲಂದ್ರ ಹಿಂಡು ಮಾರಿಬಿಡೂಣು.”

“ದಾರಿ ನಾ ಹುಡಕತೀನಿ ಅಪ್ಪಾ. ಹಿಂಡು ಮಾತ್ರ ಮಾರೂದು ಬ್ಯಾಡ.”

ಆ ಸುಗ್ಗಿ ಈಗ ಬಂದಿತ್ತು. ಆದ್ದರಿಂದ ಸಿಟ್ಟನ್ನು ನುಂಗಿಕೊಂಡು ಅವಳು ಮತ್ತೆ ಗೋಕಾಕಕ್ಕೆ ಹೋದಳು. ಅದಾದ ಮೇಲೂ ಹೋದಳು. ಇಂಜಿನ್ ಎಷ್ಟು ಎಣ್ಣೆ ಕುಡಿಯುತ್ತದೆ, ಕೊಳವೆ ತೂತಾದರೆ ಏನು ಗತಿ, ಕುರಿಯ ಗೊರಸು ಜಾರದಂತೆ ಹಲಗೆಯ ಮೇಲೆ ಏನು ಹಾಸಬೇಕು... ಕೇಳಿದ್ದೇ ಕೇಳಿದಳು. ಅವನು ಒಂದಕ್ಕೂ ಬೇಸರಿಸಿಕೊಳ್ಳಲಿಲ್ಲ. ಚಹಾ ತರಿಸಿದ. ಅವಳು ಬರುವ ಬಸ್ಸಿನ ಹೊತ್ತಿಗೆ ಸರಿಯಾಗಿ ಮುಖ ತೊಳೆದು ಕುಳಿತಿರುತ್ತಿದ್ದ. ಅದನ್ನು ಭಾಗ್ಯಾ ಗಮನಿಸಿದ್ದಳು, ಗಮನಿಸಿದ್ದಕ್ಕೆ ತನ್ನನ್ನು ತಾನೇ ಬೈದುಕೊಂಡಿದ್ದಳು.

ಆದರೆ ಕೊನೆಗೆ ಅವನ ಬಾಯಲ್ಲಿ ಬರುತ್ತಿದ್ದುದು ಒಂದೇ ಮಾತು. ಸಣ್ಣದು ತಗೋರಿ.

“ಸಣ್ಣದರಾಗ ಹಿಂಡು ಒಡದು ಒಯ್ಯಬೇಕಾಗ್ತೈತ್ರಿ,” ಎಂದು ಒಮ್ಮೆ ತಾಳ್ಮೆಯಿಂದ ತಿಳಿಸಿ ಹೇಳಿದಳು. “ಅರ್ಧ ಆ ದಂಡಿಗಿ ಹೋಗಿ ಒದರಾಕತ್ರ, ಈ ದಂಡ್ಯಾಗ ಉಳದಾವು ಸುಮ್ನ ನಿಂದ್ರಂಗಿಲ್ಲ. ನೀರಿಗಿ ಹಾರತಾವ.”

ಯಲ್ಲಾಲಿಂಗ ತಲೆ ತಗ್ಗಿಸಿದ. “ಖರೆ ಐತ್ರಿ. ಆದರ ದೊಡ್ಡದಕ್ಕ ಇನ್ನೊಬ್ಬರು ಯಾರು?”

ಮತ್ತದೇ ಪ್ರಶ್ನೆ. ಅವಳು ಚಹಾ ಅರ್ಧಕ್ಕೇ ಬಿಟ್ಟು ಎದ್ದಳು.

ಅದೇ ಹೊತ್ತಿಗೆ ಮೂಡಲಗಿಯ ಮೀನಿನ ವ್ಯಾಪಾರಿ ಕಿಶೋರ ಒಳಗೆ ಬಂದ. ದೊಡ್ಡ ಬೋಟಿನ ಕಂಬಿಯನ್ನು ತಟ್ಟಿ ನೋಡಿ, “ಇದು ಅಕ್ಕಾರಿಗಿ ಆಗಿಬರಂಗಿಲ್ಲ ಅಂದಿದ್ಯಲ್ಲೋ ಯಲ್ಲಾಲಿಂಗ, ಸೋಮವಾರ ನಾನ ಒಯ್ತೀನಿ,” ಎಂದ.

ಭಾಗ್ಯಾಳ ಮುಖ ಬಿಳಿಚಿಕೊಂಡಿತು.

‘ಇದಕ್ಕಾ... ಇಷ್ಟು ದಿನ ಸಣ್ಣದು ಸಣ್ಣದು ಅಂದಿದ್ದು ಇದಕ್ಕಾ? ಆಗಲೇ ಇವನಿಗೆ ಮಾತು ಕೊಟ್ಟಿದ್ದನಾ?’

“ಹಂಗಲ್ರಿ ಭಾಗ್ಯಾ ಅವರ...” ಎಂದು ಯಲ್ಲಾಲಿಂಗ ಮುಂದೆ ಬಂದ.

“ಏನೂ ಹೇಳಬ್ಯಾಡ್ರಿ.” ಅವಳ ದನಿ ನಡುಗಲಿಲ್ಲ. “ರವಿವಾರ ಮುಂಜಾನಿ ದೊಡ್ಡ ಬೋಟ್ ಧುಪದಾಳಕ್ಕ ಬರಬೇಕು. ನನ್ನ ಕುರಿ ಹತ್ತಿಸಿ ನೋಡ್ತೀನಿ. ದಾಟಿದ್ರ ಅದು ನಂದು, ದಾಟಲಿಲ್ಲಂದ್ರ ಇವರ ಒಯ್ಲಿ.”

ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕುಳಿತವಳಿಗೆ ಅಳು ಬಂತು. ಬೋಟಿಗಾಗಿ ಅಲ್ಲ. ಅವನು ಹಾಗೆ ಮಾಡಿದನಲ್ಲ ಎಂದು. ಆಗಲೇ ಅವಳಿಗೆ ತಿಳಿದದ್ದು, ತನ್ನ ಮನಸ್ಸು ಯಾವತ್ತೋ ಕೈಬಿಟ್ಟು ಹೋಗಿದೆ ಎಂದು.

ರವಿವಾರ ಟ್ರೇಲರಿನ ಮೇಲೆ ಬೋಟ್ ಬಂತು. ರಾಯಪ್ಪ ಕೋಲೂರಿಕೊಂಡು ದಂಡೆಗೆ ಬಂದು ಕುಳಿತ. ಕಿಶೋರನೂ ಬಂದಿದ್ದ. ಯಲ್ಲಾಲಿಂಗ ಯಾರ ಜತೆಗೂ ಮಾತಾಡದೆ ಇಂಜಿನ್ ಹಿಡಿದು ನಿಂತ.

ಭಾಗ್ಯಾ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬೋಟ್ ಹತ್ತಿ, ಅದರ ಮುಂಭಾಗದ ಮೂತಿಯ ಹತ್ತಿರ ನಿಂತು ಕೂಗು ಹಾಕಿದಳು. ದನ ಕಾಯುವವರು ಹಿಂದಿನಿಂದ ಅಟ್ಟುತ್ತಾರೆ. ಕುರುಬರ ಮಕ್ಕಳು ಹಾಗಲ್ಲ, ಹಿಂಡಿನ ಮುಂದೆ ನಿಂತು ಕರೆಯುತ್ತಾರೆ. ಟಗರು ಮೊದಲು ಹತ್ತಿತು, ಅದರ ಬೆನ್ನಿಗೆ ಒಂದೊಂದಾಗಿ ಎಲ್ಲವೂ ಹತ್ತಿದವು. ರಾಯಪ್ಪನ ಮುಖ ಅರಳಿತು.

ಬೋಟ್ ದಂಡೆ ಬಿಟ್ಟಿತು. ನಡುನೀರು ಬಂದಾಗ ಕುರಿಗಳು ಬೆದರಿ ಒದರತೊಡಗಿದವು. ಭಾಗ್ಯಾ ಹುಟ್ಟಿದಾಗಿನಿಂದ ಮಾಡಿಕೊಂಡು ಬಂದದ್ದನ್ನೇ ಮಾಡಿದಳು. ಮುಂದೆ ನಿಂತು ಇನ್ನೂ ಜೋರಾಗಿ ಕರೆದಳು.

ಹಿಂಡಿಗೆ ಹಿಂಡೇ ಮೂತಿಯ ಕಡೆ ನುಗ್ಗಿತು.

ಬೋಟಿನ ಮುಂಭಾಗ ಕುಸಿಯಿತು. ಹಲಗೆಯ ಮೇಲೆ ನೀರು ಏರಿ ಅವಳ ಪಾದ ಮುಳುಗಿತು. ದಂಡೆಯಿಂದ ರಾಯಪ್ಪ ಏನೋ ಕೂಗಿದ್ದು ಕೇಳಿಸಿತು.

“ಕರಿಬ್ಯಾಡ್ರಿ, ನಡುವ ಬರ್ರಿ,” ಎಂದು ಯಲ್ಲಾಲಿಂಗ ಕೂಗಿದ. ಅವನ ಮುಖದಲ್ಲಿ ರಕ್ತವಿರಲಿಲ್ಲ, ಆದರೆ ಇಂಜಿನ್ ಹಿಡಿದ ಕೈ ಅಲುಗಲಿಲ್ಲ. ವೇಗ ತಗ್ಗಿಸಿ ಬೋಟನ್ನು ಸಮ ಹಿಡಿದಿದ್ದ.

ಅವಳು ಬಾಯಿ ಮುಚ್ಚಿದಳು. ಕುರಿಗಳ ಬೆನ್ನು ಸರಿಸುತ್ತ, ಎಡವುತ್ತ, ಬೋಟಿನ ನಡುಮಧ್ಯಕ್ಕೆ ಬಂದಳು. ಅಲ್ಲಿ ಕುಳಿತು ಟಗರಿನ ಕೊಂಬು ಹಿಡಿದು ಪಕ್ಕಕ್ಕೆ ಎಳೆದುಕೊಂಡು ಮೆತ್ತಗೆ, ಮರಿಗಳನ್ನು ಕರೆಯುವ ದನಿಯಲ್ಲಿ ಕರೆದಳು. ಒಂದು ತಿರುಗಿತು. ಮತ್ತೊಂದು ತಿರುಗಿತು. ಸ್ವಲ್ಪ ಹೊತ್ತಿಗೆ ಹಿಂಡೆಲ್ಲ ಅವಳ ಸುತ್ತ ಒತ್ತೊತ್ತಾಗಿ ನಿಂತಿತು, ಬೋಟಿನ ಮೂತಿ ಮೇಲೆದ್ದಿತು.

ಆಚೆ ದಂಡೆಯಲ್ಲಿ ಕುರಿಗಳು ಇಳಿದು ಕೊಯ್ದ ಗೋವಿನಜೋಳದ ಹೊಲಕ್ಕೆ ನುಗ್ಗಿದವು. ಭಾಗ್ಯಾ ಒದ್ದೆ ಸೀರೆಯಲ್ಲೇ ಬೋಟಿನ ಅಂಚಿನಲ್ಲಿ ಕುಳಿತಳು. ಯಲ್ಲಾಲಿಂಗ ಇಂಜಿನ್ ಆರಿಸಿ ಅವಳ ಹತ್ತಿರ ಬಂದ.

“ಕಿಶೋರಗ ಹೇಳ್ರಿ, ಈ ಬೋಟ್ ನಂದಂತ,” ಎಂದಳು.

“ಅವಗ ನಾ ಯಾವತ್ತೂ ಕೊಡ್ತೀನಿ ಅಂದಿಲ್ರಿ. ಕೇಳಿದ್ದ. ಭಾಗ್ಯಾ ಅವರು ಸಣ್ಣದು ತಗೊಂಡ್ರ ನೋಡೂಣು ಅಂದಿದ್ದೆ, ಅಷ್ಟ.”

“ಮತ್ತ ನನಗ ಯಾಕ ಸಣ್ಣದ ತಗೋ ಅಂತಿದ್ರಿ?”

ಅವನು ಅವಳಿಂದ ಸ್ವಲ್ಪ ದೂರದಲ್ಲಿ ಅಂಚಿಗೆ ಕುಳಿತ.

“ದೊಡ್ಡದು ತಗೋರಿ ಅಂದಿದ್ರ, ಇನ್ನೊಬ್ಬ ಯಾರಂತ ನೀವು ಕೇಳ್ತಿದ್ರಿ. ನಾ ಬರ್ತೀನಿ ಅಂತ ನನ್ನ ಬಾಯಿಗಿ ಬಂದಬಿಡ್ತಿತ್ತು. ಬೋಟ್ ಮಾರಾಕ ಹಂಗಂದ ಅಂತ ನೀವು ತಿಳಕೋತಿದ್ರಿ... ಇಲ್ಲಾ, ಒಬ್ಬಾಕಿ ಅದಾಳಂತ ಸಲಿಗಿ ತಗೊಂಡ ಅಂತಿದ್ರಿ. ಎರಡೂ ನನಗ ಬ್ಯಾಡಾಗಿತ್ತು.”

ಭಾಗ್ಯಾಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಇಷ್ಟು ದಿನ ಅವನು ಯಾರಿದ್ದಾರೆ ಎಂದು ಕೇಳಿದ್ದು ಚುಚ್ಚಲು ಅಲ್ಲ. ಯಾರೂ ಇಲ್ಲದಿರಲಿ ಎಂಬ ಆಸೆಯಿಂದ ಕೇಳಿದ್ದ.

“ನನ್ನಿಂದ ಇವತ್ತ ಹಿಂಡ ಮುಳುಗ್ತಿತ್ತು,” ಎಂದಳು ಮೆಲ್ಲಗೆ.

“ಮುಳುಗಲಿಲ್ಲಲ್ರಿ.”

“ನೀವಿದ್ರಿ.”

“ನೀವು ನಡುವ ಬಂದ್ರಿ. ಅದಕ್ಕ ಉಳೀತು.”

ಅವಳು ಕಣ್ಣೊರೆಸಿಕೊಂಡಳು. ಸುತ್ತುಬಳಸುವುದು ಅವಳ ಜಾಯಮಾನವಲ್ಲ.

“ಯಲ್ಲಾಲಿಂಗ ಅವರ, ನನಗ ಪಗಾರಕ್ಕ ಬರೂ ಮನಷ್ಯಾ ಬ್ಯಾಡ. ದಿನಾ ಇಂಜಿನ್ ಹಿಡಿಯೂ ನಮ್ಮ ಮನಿ ಮನಷ್ಯಾ ಬೇಕು. ಆಗ್ತೈತೇನ್ರಿ ನಿಮಗ?”

ಅವನು ಹೌದು ಎಂದು ತಲೆಯಾಡಿಸಿದ.

“ತಲಿ ಅಲಗಾಡ್ಸಿದ್ರ ನಡಿಯಂಗಿಲ್ಲ. ನಮ್ಮಪ್ಪ ಆಚಿ ದಂಡ್ಯಾಗ ಕುಂತಾನ. ಹೋಗಿ ಬಾಯಿ ಬಿಟ್ಟ ಕೇಳ್ರಿ.”

“ಅವರು ಆಗಂಗಿಲ್ಲ ಅಂದ್ರ?”

“ನಾಳಿ ಮತ್ತ ಬಂದ ಕೇಳ್ರಿ,” ಎಂದು ಭಾಗ್ಯಾ ಮೊದಲ ಸಲ ಅವನ ಕೈ ಹಿಡಿದಳು. “ಬ್ಯಾಡ ಅನ್ನೂವಷ್ಟ ಸಲ ಅವ ಅನ್ಲಿ, ಹೂಂ ಅನ್ನೂಮಟ ನೀವು ಕೇಳ್ರಿ. ನಾ ಇಲ್ಲೇ ಇರ್ತೀನಿ.”